ಅಕ್ಕನ ಮಾತು, ರೂತಮ್ಮನ ಪುಸ್ತಕ

ರಾಯದುರ್ಗದ ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಾನು ನಿವೃತ್ತಳಾದ ಮೇಲೆ, ಅದೇ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬರುತ್ತಾರೆ. ಪಾಠ ಹೇಗೆ ಮಾಡಬೇಕು, ಸಂಶೋಧನೆಗೆ ಯಾವ ವಿಷಯ ಹಿಡಿಯಬೇಕು, ಪ್ರಿನ್ಸಿಪಾಲರ ಹತ್ತಿರ ಹೇಗಿರಬೇಕು ಎಂದೆಲ್ಲ ಕೇಳುತ್ತಾರೆ. ಕಾಫಿ ಮುಗಿಯುವ ಹೊತ್ತಿಗೆ ಅವರಲ್ಲಿ ಒಬ್ಬರಾದರೂ ಆ ಮಾತು ತೆಗೆಯುತ್ತಾರೆ. "ಮೇಡಂ, ನಮ್ಮೂರಾಗ ಜೀನ್ಸ್ ಹೊಲಿಯೋ ಹೆಂಗಸರ ಮ್ಯಾಲೆ ಪುಸ್ತಕ ಬರದ್ರಲ್ಲ, ಆ ಅಮೆರಿಕದ ರೂತ್ ಅವರು ನಿಮಗ ಪರಿಚಯ ಇದ್ರಂತೆ, ಹೌದೇನ್ರಿ?"

ಪರಿಚಯ. ಆ ಒಂದು ಪದದಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಆದ್ದರಿಂದ ಎಲ್ಲವನ್ನೂ ಒಂದು ಸಲ ಬರೆದುಬಿಡೋಣ ಎಂದು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ವಿಭಾಗದ ಮುಖ್ಯಸ್ಥೆ ಯಾವಾಗ ಆದೆ ಎನ್ನುವುದು ಯಾರಿಗೂ ಬೇಡ. ಈ ಕೆಲಸದಲ್ಲಿ ನಿಜಕ್ಕೂ ಏನಾಗುತ್ತದೆ ಎನ್ನುವುದು ಹೊಸಬರಿಗೆ ಗೊತ್ತಿರಲಿ.

ನಾನು ಹುಟ್ಟಿದ್ದು ಮಡಕಶಿರದ ಪಕ್ಕದ ಹಳ್ಳಿಯಲ್ಲಿ. ಮನೆಯಲ್ಲಿ ಕಡಲೆಕಾಯಿ, ರಾಗಿ, ಸ್ವಲ್ಪ ಹಿಪ್ಪುನೇರಳೆ ತೋಟ. ಒಂದು ಕೋಣೆ ತುಂಬ ರೇಷ್ಮೆ ಹುಳ. ನಾವು ಇಬ್ಬರು ಹೆಣ್ಣುಮಕ್ಕಳು, ನಮ್ಮಕ್ಕ ಹನುಮಕ್ಕ ಮತ್ತು ನಾನು. ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕೆಲವು ವರ್ಷ ಹುಳ ಸಾಕಿ, ಆಮೇಲೆ ರಾಯದುರ್ಗದಲ್ಲಿದ್ದ ಚಿಕ್ಕಮ್ಮನ ಮನೆ ಸೇರಿದಳು. ಅಲ್ಲಿ ರೆಡಿಮೇಡ್ ಬಟ್ಟೆ ಹೊಲಿಯುವ ಕೆಲಸ ಆಗ ಮನೆಮನೆಗೂ ಹಬ್ಬುತ್ತಿತ್ತು. ಮೊದಲು ಮಕ್ಕಳ ಚಡ್ಡಿ, ಷರಟು, ಆಮೇಲೆ ಬರೀ ಜೀನ್ಸ್. ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: ನಾಗು ಓದಲಿ ಅಂತ ಹನುಮಕ್ಕ ದುಡಿಯೋಕೆ ಹೋದಳು. ನಾನು ಬೆಳೆದದ್ದೇ ಆ ಮಾತಿನ ನೆರಳಲ್ಲಿ. ಪ್ರತಿ ಪರೀಕ್ಷೆಗೆ ಕೂತಾಗಲೂ ಅಕ್ಕನ ಬಗ್ಗಿದ ಬೆನ್ನು ಕಣ್ಣಿಗೆ ಬರುತ್ತಿತ್ತು.

ಹೀಗಾಗಿ ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದಾಗ ನನ್ನ ತಲೆಯಲ್ಲಿದ್ದದ್ದು ಒಂದೇ ವಿಷಯ. ಹಳ್ಳಿ ಬಿಟ್ಟು ರಾಯದುರ್ಗಕ್ಕೆ ಬಂದು ಹೊಲಿಗೆ ಮಿಷನ್ ಮುಂದೆ ಕೂತ ಹೆಂಗಸರು. ನಮ್ಮ ಗೈಡ್ ದೊಡ್ಡ ಹೆಸರಿನ ಮೇಷ್ಟ್ರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ಚರಿತ್ರೆ ಅಲ್ಲಮ್ಮ. ಪೇಪರಿನವರ ಕೆಲಸ. ಬದುಕಿರೋರ ಮಾತು ಕೇಳಿಕೊಂಡು ಚರಿತ್ರೆ ಬರೆಯೋಕಾಗುತ್ತಾ? ನಿಮ್ಮೂರ ಪಕ್ಕದಲ್ಲೇ ಹೇಮಾವತಿ ಇದೆ. ಅಲ್ಲಿ ಆಳಿದ ನೊಳಂಬ ರಾಜರನ್ನ ಹಿಡಿ."

ಹಿಡಿದೆ. ಬೇರೆ ದಾರಿ ಇರಲಿಲ್ಲ. ಹೇಮಾವತಿಯ ಸಿದ್ಧೇಶ್ವರನ ಗುಡಿಯಲ್ಲಿ ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಲ್ಲಿ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುವುದನ್ನು ಕಲಿತೆ. ಅದು ಕೆಟ್ಟ ಕೆಲಸ ಅಂತ ನಾನು ಹೇಳುವುದಿಲ್ಲ. ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ. ಒಂದು ಸಲ ಸವೆದ ಶಾಸನವೊಂದರಲ್ಲಿ ಒಬ್ಬ ಸಾಮಾನ್ಯ ಹೆಂಗಸಿನ ಹೆಸರು ಸಿಕ್ಕಿತು ಎಂದು ಉಬ್ಬಿ ಪ್ರಬಂಧ ಬರೆದೆ. ಗೈಡ್ ಎಲ್ಲರ ಮುಂದೆ ಆ ಅಚ್ಚನ್ನು ಬೆಳಕಿಗೆ ಹಿಡಿದು, "ಇದು ಹೆಸರಲ್ಲ, ಕಲ್ಲಿನ ಚಕ್ಕೆ ಎದ್ದಿರೋದು" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಹೆಂಗಸು ಬೇಕು ಬೇಕು ಎಂದು ಹುಡುಕಿ ನಾನು ಬಿರುಕಿನಲ್ಲಿ ಒಬ್ಬಳನ್ನು ಕಂಡಿದ್ದೆ.

ಅದೇ ದಿನಗಳಲ್ಲಿ ಯೂನಿವರ್ಸಿಟಿ ಲೈಬ್ರರಿಯಲ್ಲಿ ರೂತ್ ಬರೆದ ಮೊದಲ ಪುಸ್ತಕ ನನ್ನ ಕೈಗೆ ಸಿಕ್ಕಿತು. ಅವರ ದೇಶದಲ್ಲಿ ಹೊಲದ ಮನೆಗಳನ್ನು ಬಿಟ್ಟು ನೂಲಿನ ಗಿರಣಿಗೆ ಹೋದ ಹುಡುಗಿಯರ ಚರಿತ್ರೆ ಅದು. ಬದುಕಿ ಉಳಿದಿದ್ದ ಮುದುಕಿಯರನ್ನೆಲ್ಲ ಹುಡುಕಿ ಮಾತಾಡಿಸಿ ಬರೆದಿದ್ದರು. ರಾಜ ಇಲ್ಲ, ಯುದ್ಧ ಇಲ್ಲ. ಮೊದಲ ಸಲ ಮಿಷನ್ ಸದ್ದು ಕೇಳಿ ಕಿವಿ ಮುಚ್ಚಿಕೊಂಡ ಹುಡುಗಿ, ಹಬ್ಬಕ್ಕೆ ಊರಿಗೆ ಹೋದಾಗ ಹಳೇ ಗೆಳತಿಯರಿಗೆ ಹೊಸ ಚಪ್ಪಲಿ ತೋರಿಸಿದ ಹುಡುಗಿ, ಅಂಥವರು. ಕಪಾಟಿನ ಹತ್ತಿರ ನಿಂತುಕೊಂಡೇ ಅರ್ಧ ಓದಿದೆ. ಆಮೇಲೆ ಮುನ್ನುಡಿ ತಿರುವಿದೆ. ಅದರಲ್ಲಿ ಅವರು ತಮ್ಮ ಮೇಷ್ಟ್ರಿಗೆ ನಮಸ್ಕಾರ ಹೇಳಿದ್ದರು. ಏನು ಬರೆಯಲಿ ಎಂದು ಕೇಳಿದಾಗ ಆ ಮೇಷ್ಟ್ರು, "ಮೊದಲು ನಿನ್ನ ಅಜ್ಜಿಯನ್ನು ಕೇಳಿಕೊಂಡು ಬಾ" ಎಂದಿದ್ದರಂತೆ.

ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಅಲ್ಲೇ. ನಾನು ಆ ಹೆಂಗಸನ್ನು ಕಣ್ಣಿಂದ ನೋಡಿರಲಿಲ್ಲ, ಪುಸ್ತಕದಲ್ಲಿ ಫೋಟೋ ಕೂಡ ಇರಲಿಲ್ಲ. ಆದರೂ ಅವಳ ಮೇಷ್ಟ್ರು ನನಗೆ ಸಿಗಬೇಕಿತ್ತು, ಆ ಪುಸ್ತಕ ನಾನು ಬರೆಯಬೇಕಿತ್ತು ಅನ್ನಿಸಿತು. ಅವರ ಎರಡನೆಯ ಪುಸ್ತಕ ಬಂದಾಗಲೂ ಹುಡುಕಿ ಓದಿದೆ. ದೊಡ್ಡ ಊರಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಗುಂಡಿ ಹೊಲಿಯುತ್ತಿದ್ದ ಬಡ ತಾಯಂದಿರ ಕತೆ ಅದು. ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಚೆನ್ನಾಗಿರಬಾರದಿತ್ತು ಎಂದು ನಾನು ಹಾರೈಸಿದ್ದೆ.

ಅಷ್ಟು ಹೊತ್ತಿಗೆ ನನಗೆ ರಾಯದುರ್ಗದಲ್ಲೇ ಕೆಲಸ ಸಿಕ್ಕಿತ್ತು. ಅಕ್ಕನ ಮನೆಯಿಂದ ಎರಡು ಓಣಿ ಆಚೆ ನನ್ನ ಮನೆ. ನಮ್ಮದು ಗಡಿಯ ಊರು, ಕಾಲೇಜಿನಲ್ಲಿ ತೆಲುಗಿನಲ್ಲಿ ಪಾಠ, ಓಣಿಯಲ್ಲಿ ಕನ್ನಡದ ಮಾತು. ಒಂದು ದಿನ ಪ್ರಿನ್ಸಿಪಾಲರು ಕರೆಸಿ, ಅಮೆರಿಕದಿಂದ ಒಬ್ಬ ಇತಿಹಾಸದ ಮೇಡಂ ಬರುತ್ತಾರೆ, ಜೀನ್ಸ್ ಹೊಲಿಯುವವರನ್ನು ಮಾತಾಡಿಸಬೇಕಂತೆ ಎಂದರು. "ನಿಮಗೆ ಮೂರು ಭಾಷೆ ಬರುತ್ತೆ, ಮನೆಯಲ್ಲಿ ಹೊಲಿಯೋರೂ ಇದಾರೆ. ನೀವೇ ಜೊತೆಗೆ ಓಡಾಡಿ, ಮಾತು ತಿರುಗಿಸಿ ಹೇಳಿ." ಹೆಸರೇನು ಎಂದು ಕೇಳಿದೆ. ಅವರು ಹೇಳಿದ್ದು ರೂತ್ ಹೆಸರು.

ನನ್ನ ವಿಷಯ ಅದು. ನನಗೆ ಬೇಡ ಎಂದ ವಿಷಯ, ಈಗ ಸಮುದ್ರ ದಾಟಿಕೊಂಡು ಬಂದು ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ನಾನು ಬರೀ ಬಾಯಿ.

ರೂತ್ ಬಂದಾಗ ನೋಡಿದೆ. ಸುಮಾರು ನನ್ನದೇ ವಯಸ್ಸು, ಎತ್ತರದ ಆಳು, ಕತ್ತರಿಸಿದ ಬೂದು ಕೂದಲು, ಹತ್ತಿಯ ಚೂಡಿದಾರ. ಓಣಿಯವರು ಒಂದೇ ವಾರದಲ್ಲಿ ರೂತಮ್ಮ ಎಂದು ಹೆಸರಿಟ್ಟರು. ನನ್ನನ್ನು ಅವರು ಎಂದೂ ನಾಗಮಣಿ ಮೇಡಂ ಎನ್ನುವುದು ಬಿಟ್ಟು ಬೇರೆ ಕರೆದಿರಲಿಲ್ಲ.

ಮೊದಲ ದಿನಗಳು ಕೆಟ್ಟು ಹೋದವು. ಒಬ್ಬ ಯಜಮಾನರ ಹೊಲಿಗೆ ಯೂನಿಟ್ಟಿಗೆ ಹೋದೆವು. ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟೆವು. ಯಜಮಾನರು, "ಏನ್ ಬೇಕಾದ್ರೂ ಕೇಳ್ರಿ" ಎಂದು ಅಲ್ಲೇ ಕೈ ಕಟ್ಟಿ ನಿಂತರು. ಒಬ್ಬೊಬ್ಬರಾಗಿ ಬಂದ ಹೆಂಗಸರೆಲ್ಲ, "ಆರಾಮ ಅದೀವ್ರಿ, ಎಲ್ಲಾ ಚಲೋ ಐತ್ರಿ" ಎಂದು ಹೇಳಿ ಮಿಷನ್ನಿಗೆ ವಾಪಸಾದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಮುಖ ಗಂಭೀರವಾಗಿಟ್ಟುಕೊಂಡಿದ್ದೆ, ಒಳಗೆ ಸಂತೋಷ ಪುಟಿಯುತ್ತಿತ್ತು. ಪುಸ್ತಕ ಬರೆಯುವ ಹೆಂಗಸಿಗೆ ಈ ಊರು ಬಾಯಿ ಬಿಡುವುದಿಲ್ಲ ಎಂದುಕೊಂಡೆ.

ಆದರೆ ಮಾರನೆಯ ದಿನದ ಎಡವಟ್ಟು ನನ್ನದೇ. ಶಾರದಮ್ಮ ಎನ್ನುವವರ ಮನೆಗೆ ಹೋಗಿದ್ದೆವು. ರೂತ್ ಕೇಳಿದ ಪ್ರಶ್ನೆಯನ್ನು ನಾನು ಪುಸ್ತಕದ ಕನ್ನಡದಲ್ಲಿ, "ನೀವು ವಲಸೆ ಬಂದದ್ದು ಯಾವಾಗ?" ಎಂದು ಕೇಳಿದೆ. ಶಾರದಮ್ಮ ಕೈಲಿದ್ದ ಬಟ್ಟೆ ಕೆಳಗಿಟ್ಟರು.

"ನಾವೇನು ವಲಸಿ ಬಂದೋರಲ್ರಿ ಮೇಡಂ. ಕೆಲಸಕ್ಕ ಬಂದೋರು. ವಲಸಿ ಅಂದ್ರ ಹೊಟ್ಟಿಗಿಲ್ದ ಗಂಟುಮೂಟಿ ಕಟ್ಟಿಕೊಂಡು ಹೋಗೋದು. ಯಾಕ ಹಂಗ ಕೇಳ್ತೀರಿ?"

ನಮ್ಮ ಜಿಲ್ಲೆಯಲ್ಲಿ ಆ ಪದಕ್ಕೆ ಇರುವ ನೋವು ನನಗೆ ಗೊತ್ತಿರಬೇಕಿತ್ತು. ಕ್ಷಮಿಸಿ ಎಂದೆ. ಸಂಜೆ ರೂತ್, "ಅವರಿಗೆ ಯಾಕೆ ಸಿಟ್ಟು ಬಂತು?" ಎಂದು ಕೇಳಿದರು. ಹೇಳಿದೆ. ಅವರು, "ಹಾಗಾದರೆ ನಾಳೆಯಿಂದ ಪ್ರಶ್ನೆ ಬೇಡ. ಅವರ ಮನೆಯಲ್ಲಿ ನನಗೆ ಮಾಡಲು ಬರುವಂಥ ಕೆಲಸ ಏನಿದೆ?" ಎಂದರು.

ದಾರ ಕತ್ತರಿಸುವುದು ಎಂದೆ. ಹೊಲಿದು ಮುಗಿದ ಪ್ಯಾಂಟಿನಲ್ಲಿ ಅಲ್ಲಲ್ಲಿ ದಾರದ ತುದಿ ಉಳಿದಿರುತ್ತದೆ. ಅದನ್ನು ಪುಟ್ಟ ಕತ್ತರಿಯಲ್ಲಿ ಕತ್ತರಿಸುತ್ತಾರೆ. ಮನೆಯಲ್ಲಿ ಬೇರೆ ಏನೂ ಕೈಲಾಗದ ಮುದುಕಿಯರು ಮಾಡುವ ಕೆಲಸ.

ಮಾರನೆಯ ದಿನ ರೂತ್ ಶಾರದಮ್ಮನ ಮನೆಯಲ್ಲಿ ನೆಲದ ಮೇಲೆ ಕೂತು ದಾರ ಕತ್ತರಿಸತೊಡಗಿದರು. ಸ್ವಲ್ಪ ಹೊತ್ತಿನಲ್ಲೇ ಒಂದು ಪ್ಯಾಂಟಿನ ಜೇಬಿನ ಪಕ್ಕ ತೂತು ಮಾಡಿಬಿಟ್ಟರು. ಶಾರದಮ್ಮ ಆ ಬಟ್ಟೆ ಕಿತ್ತುಕೊಂಡು, "ಏನ್ರೀ ಇದು, ಕಣ್ಣು ಎಲ್ಲಿ ಇಟ್ಟೀರಿ? ನಿಮ್ಮವ್ವ ನಿಮಗ ಕತ್ತರಿ ಹಿಡಿಯೋದು ಕಲಿಸಿಲ್ಲೇನು?" ಎಂದು ಬೈದರು. ನಾನು ತಿರುಗಿಸಿ ಹೇಳಿದೆ. ರೂತ್, "ಇಲ್ಲ, ನಮ್ಮ ಅಜ್ಜಿ ಕಲಿಸಬೇಕಿತ್ತು, ಅವಳು ಷರಟಿನ ಫ್ಯಾಕ್ಟರಿಯಲ್ಲಿದ್ದಳು" ಎಂದರು. ಶಾರದಮ್ಮ ಕಣ್ಣರಳಿಸಿದರು. ಅಮೆರಿಕದಾಗೂ ಹೊಲಿತಾರಾ? ಅಲ್ಲಿಯೂ ಯಜಮಾನ ಬೈತಾನಾ? ಅಜ್ಜಿಗೆ ಬೆನ್ನು ನೋವು ಇತ್ತಾ? ಅಂದು ಪ್ರಶ್ನೆ ಕೇಳಿದ್ದೆಲ್ಲ ಶಾರದಮ್ಮನೇ. ಅಲ್ಲಿಂದ ಮಾತು ನಿಲ್ಲಲಿಲ್ಲ. ಪಕ್ಕದ ಮನೆಯವರೂ ಬಂದು ಸೇರಿಕೊಂಡರು.

ನಾನೂ ನೆಲಕ್ಕೆ ಕೂರಲು ಹೋದೆ. "ಬ್ಯಾಡ್ರಿ ಮೇಡಂ, ನೀವು ಕುರ್ಚಿಮ್ಯಾಲೆ ಕುಂದರ್ರಿ" ಎಂದು ಕುರ್ಚಿ ತಂದಿಟ್ಟರು. ಒತ್ತಾಯ ಮಾಡಿದರೂ ಬಿಡಲಿಲ್ಲ. ಅವರ ಮಕ್ಕಳು ನನ್ನ ಕಾಲೇಜಿನಲ್ಲಿ ಓದುತ್ತಿದ್ದರು, ನಾನು ನೆಲಕ್ಕೆ ಕೂತರೆ ಅವರಿಗೆ ಮುಜುಗರ. ಹೀಗೆ ತಿಂಗಳುಗಟ್ಟಲೆ ನಾನು ಕುರ್ಚಿಯ ಮೇಲೆ, ರೂತ್ ಅವರ ಮಧ್ಯೆ. ನನ್ನ ಊರಿನ ಹೆಂಗಸರು ನನ್ನ ಕಾಲ ಬುಡದಲ್ಲಿ ಕೂತು ಅವಳ ಮುಖ ನೋಡಿಕೊಂಡು ತಮ್ಮ ಬದುಕು ಹೇಳುತ್ತಿದ್ದರು. ನಾನು ಮೇಲಿನಿಂದ ಅದನ್ನು ಇಂಗ್ಲಿಷ್ ಮಾಡುತ್ತಿದ್ದೆ. 

ಕೊನೆಗೆ ರೂತ್, "ನಿಮ್ಮ ಅಕ್ಕ ಮಾತಾಡುತ್ತಾರಾ?" ಎಂದು ಕೇಳಿದರು. ಅಕ್ಕನ ಕತೆ ನನಗೆ ಬಾಯಿಪಾಠವಾಗಿತ್ತು. ತಂಗಿಗಾಗಿ ಬೆನ್ನು ಬಗ್ಗಿಸಿದ ಹೆಂಗಸು. ಅದನ್ನು ನಾನು ಹೆಮ್ಮೆಯಿಂದಲೇ ತಿರುಗಿಸಿ ಹೇಳಬಹುದಿತ್ತು. ಕರೆದುಕೊಂಡು ಹೋದೆ.

ಅಕ್ಕ ಮಿಷನ್ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ರೂತ್ ಎದುರಿಗೆ ಕೂತಳು. ನಾನು ಪಕ್ಕದಲ್ಲಿ. ಊರು ಯಾಕೆ ಬಿಟ್ಟಿರಿ ಎನ್ನುವ ಮಾತು ಬಂತು.

"ಊರಲ್ಲೆಲ್ಲ ನಾನು ತಂಗಿನ ಓದ್ಸಕ್ಕೆ ಬಂದೆ ಅಂತಾರೆ," ಎಂದಳು ಅಕ್ಕ. "ಅಂಗೇನಿಲ್ಲ. ನಂಗೆ ಆ ಹುಳದ ಮನೆ ಸಾಕಾಗಿತ್ತು. ಸೊಪ್ಪು ಹಾಕು, ಕಸ ತೆಗಿ, ಮತ್ತೆ ಸೊಪ್ಪು ಹಾಕು. ಮಾವನ ಮಗನಿಗೆ ಕೊಡ್ತೀವಿ ಅಂದಿದ್ರು, ಅಲ್ಲೋದ್ರೂ ಅದೇ ಹುಳದ ಮನೆ. ಮಡಕಶಿರಕ್ಕೆ ಹೋದಾಗೆಲ್ಲ ಟೈಲರ್ ಅಂಗಡಿ ಮುಂದೆ ನಿಂತ್ಕಂಡು ಮಿಷನ್ ನೋಡ್ತಿದ್ದೆ. ಅದ್ರ ಸದ್ದು ಕೇಳಿದ್ರೆ ನಂಗೊಂತರಾ ಖುಷಿ. ಹೊಲಿಯೋಕೆ ರಾಯದುರ್ಗಕ್ಕೆ ಹೋಗ್ತೀನಿ ಅಂದ್ರೆ ನಮ್ಮಪ್ಪ ಬಿಡ್ತಿದ್ನಾ? ಅದಕ್ಕೆ, ನಾಗು ಓದ್ಲಿ, ನಾನು ದುಡಿತೀನಿ ಅಂದೆ. ಓದು ಅಂದ್ರೆ ನಮ್ಮಪ್ಪ ಕರಗ್ತಿದ್ದ. ಇವ್ಳ ಓದು ನಂಗೊಂದು ನೆಪ ಆಯ್ತು."

ರೂತ್ ನನ್ನ ಕಡೆ ತಿರುಗಿದರು. ಟೇಪು ಓಡುತ್ತಿತ್ತು.  ಬದುಕಿನ ಉದ್ದಕ್ಕೂ ನಾನು ಹೊತ್ತುಕೊಂಡಿದ್ದ ಋಣ, ಪ್ರತಿ ಯುಗಾದಿಗೆ ಮೊದಲ ಸೀರೆ ಅಕ್ಕನಿಗೆ ಕೊಟ್ಟು ತೀರಿಸುತ್ತಿದ್ದ ಋಣ, ಅದು ಇರಲೇ ಇಲ್ಲ. ಅದನ್ನು ನಾನು ತಿಳಿದುಕೊಳ್ಳುತ್ತಿದ್ದದ್ದು ಇನ್ನೊಬ್ಬಳಿಗೆ ಹೇಳುವುದಕ್ಕೋಸ್ಕರ.

ಆದರೂ ಹೇಳಿದೆ, ಒಂದೊಂದೇ ವಾಕ್ಯ. ಕೊನೆಯ ಮಾತಿಗೆ ಬಂದಾಗ ತಡೆದೆ. 'ನೆಪ' ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಪದ ಇದೆ, ಆದರೆ ಅದರಲ್ಲಿ ಕಳ್ಳತನದ ವಾಸನೆ ಇತ್ತು. ಅಕ್ಕನ ದನಿಯಲ್ಲಿ ಅದಿರಲಿಲ್ಲ. ಹುಡುಕಿ ಹುಡುಕಿ ಇಂಗ್ಲಿಷಿನಲ್ಲಿ, "ನನ್ನ ತಂಗಿಯ ಪುಸ್ತಕಗಳೇ ನನ್ನ ಬಸ್ ಟಿಕೆಟ್" ಎಂದೆ. ರೂತ್ ತಲೆಯಾಡಿಸಿ ಬರೆದುಕೊಂಡರು.

ಅವರು ಹೋದ ಮೇಲೆ ಅಕ್ಕನನ್ನು ಅಡುಗೆಮನೆಯಲ್ಲಿ ಹಿಡಿದೆ. "ಇಷ್ಟು ವರ್ಷ ನನಗೆ ಹೇಳಲಿಲ್ಲ. ಗುರುತಿಲ್ಲದ ಪರದೇಶದವಳಿಗೆ ಹೇಳಿದೆ."

ಅಕ್ಕ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದಳು. "ಅವ್ಳಿಗೆ ನಮ್ಮಪ್ಪ ಗೊತ್ತಿಲ್ಲ, ಊರು ಗೊತ್ತಿಲ್ಲ. ಹೇಳಿದ್ದನ್ನ ಹೇಳಿದಂಗೆ ಕೇಳಿಸ್ಕಂತಾಳೆ. ನಿಂಗೆ ಹೇಳಿದ್ರೆ ನೀನು ನನ್ನೇ ತಿದ್ದಕ್ಕೆ ಬತ್ತೀಯ. 'ಅಂಗಲ್ಲ ಕಣಕ್ಕ, ನೀನು ತ್ಯಾಗ ಮಾಡ್ದೆ' ಅಂತೀಯ. ನಂಗೆ ಆ ತ್ಯಾಗ ಹೊತ್ತು ಹೊತ್ತು ಸಾಕಾಗೈತೆ, ನಾಗು."

ಮುಂದೆ ಹದಿನೈದು ದಿನ ನಾನು ಅಕ್ಕನ ಮನೆಗೆ ಹೋಗಲಿಲ್ಲ. ರೂತ್ ಒಬ್ಬರೇ ಹೋಗಿ ದಾರ ಕತ್ತರಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಹೇಗೆ ಹೊತ್ತು ಹೋಗುತ್ತಿತ್ತೋ ನನಗೆ ಊಹಿಸಲಾಗಲಿಲ್ಲ. ಊಹಿಸಲು ಇಷ್ಟವೂ ಇರಲಿಲ್ಲ.

ಊರು ಬಿಡುವ ಮುಂಚೆ ರೂತ್ ನಮ್ಮ ಹಳ್ಳಿ ನೋಡಬೇಕೆಂದರು. ಮಡಕಶಿರದ ಬಸ್ಸಿನಲ್ಲಿ ಅವರ ವೃತ್ತಿಯ ಕತೆ ಕೇಳಿದೆ. ಮೊದಲ ಪುಸ್ತಕ ಬಂದಾಗ ಅವರ ವಿಭಾಗದ ಗಂಡಸರು ಅದಕ್ಕೆ ಅಡುಗೆಮನೆ ಚರಿತ್ರೆ ಎಂದು ಹೆಸರಿಟ್ಟು ನಕ್ಕಿದ್ದರಂತೆ. ಕೆಲಸ ಖಾಯಂ ಆಗದೆ ಊರಿಂದೂರಿಗೆ ಅಲೆದಿದ್ದರಂತೆ. ಗಂಡ ಬಿಟ್ಟು ಹೋಗಿದ್ದ. ಮೇಷ್ಟ್ರು ಹೇಳಿದರೆಂದು ಅಜ್ಜಿಯನ್ನು ಕೇಳಲು ಹೋದರೆ, ಆ ಅಜ್ಜಿಗೆ ಆಗಲೇ ಮರೆವಿನ ಕಾಯಿಲೆ ಹಿಡಿದು ಮೊಮ್ಮಗಳ ಗುರುತೇ ಸಿಗಲಿಲ್ಲವಂತೆ. "ಅದಕ್ಕೇ ಬೇರೆಯವರ ಅಜ್ಜಿಯರನ್ನು ಹುಡುಕಿಕೊಂಡು ಹೋದೆ" ಎಂದರು. ಕಿಟಕಿಯಾಚೆ ಕಡಲೆಕಾಯಿ ಹೊಲಗಳು ಓಡುತ್ತಿದ್ದವು. ಇಷ್ಟು ಕೇಳಿದ ಮೇಲೆ ನನ್ನ ಹೊಟ್ಟೆಕಿಚ್ಚು ತಣ್ಣಗಾಗಬೇಕಿತ್ತು. ಆಗಲಿಲ್ಲ. ಕಷ್ಟಪಟ್ಟೂ ಅವಳು ಬರೆದಳಲ್ಲ ಎಂದು ಇನ್ನೊಂದಿಷ್ಟು ಹೆಚ್ಚಾಯಿತು.

ಕೆಲವು ವರ್ಷಕ್ಕೆ ಪುಸ್ತಕ ಬಂತು. ಹೊದಿಕೆಯ ಮೇಲೆ ರಾಯದುರ್ಗದ ಬೆಟ್ಟ, ಅದರ ಕೆಳಗೆ ಓಣಿ. ಎರಡನೆಯ ಅಧ್ಯಾಯದ ಹೆಸರೇ 'ನನ್ನ ಬಸ್ ಟಿಕೆಟ್'. ಅಕ್ಕನಿಗೆ ಬೇರೆ ಹೆಸರು ಕೊಟ್ಟಿದ್ದರು. ನನ್ನ ಹೆಸರು ಮುನ್ನುಡಿಯ ಕೊನೆಗೆ, ಉಳಿಯಲು ಕೋಣೆ ಕೊಟ್ಟವರ ಹೆಸರಿನ ಪಕ್ಕದಲ್ಲಿತ್ತು. ತಪ್ಪು ಹುಡುಕಲೆಂದೇ ಪೆನ್ಸಿಲ್ ಹಿಡಿದು ಓದಿದೆ. ಪಾವಗಡದ ಬಸ್ಸು ಯಾವ ಕಡೆಯಿಂದ ಬರುತ್ತದೆ ಎನ್ನುವುದರಲ್ಲಿ ಒಂದು ತಪ್ಪು ಸಿಕ್ಕಿತು. ಅದನ್ನು ಗುರುತು ಹಾಕಿಕೊಂಡು ಸುಮಾರು ದಿನ ಸಂತೋಷಪಟ್ಟೆ.

ಯೂನಿವರ್ಸಿಟಿಯಲ್ಲಿ ಆ ಪುಸ್ತಕದ ಮೇಲೆ ಸೆಮಿನಾರ್ ಇಟ್ಟರು. ಅಧ್ಯಕ್ಷತೆ ನಮ್ಮ ಗೈಡ್ ಅವರದು. ಆಗ ಅವರಿಗೆ ನಿವೃತ್ತಿಯಾಗಿತ್ತು, ಧ್ವನಿ ಮಾತ್ರ ಹಾಗೇ ಇತ್ತು. "ಇದು ನಿಜವಾದ ಚರಿತ್ರೆ," ಎಂದರು. "ನಮ್ಮ ವಿಭಾಗ ಇಂಥ ಕೆಲಸಕ್ಕೆ ಯಾವತ್ತೂ ಬೆನ್ನು ತಟ್ಟಿದೆ." ಆಮೇಲೆ ಬಸ್ ಟಿಕೆಟ್ಟಿನ ಸಾಲನ್ನು ಎರಡು ಸಲ ಓದಿದರು. ಏಳನೇ ಕ್ಲಾಸು ಓದಿದ ಹೊಲಿಗೆಯ ಹೆಂಗಸು ಇಂಥ ಮಾತಾಡುತ್ತಾಳೆ ಎಂದರೆ ಜನರ ಕಲ್ಪನೆ ಎಷ್ಟು ದೊಡ್ಡದು ನೋಡಿ ಎಂದರು. ಸಭೆ ಚಪ್ಪಾಳೆ ತಟ್ಟಿತು.

ಟೀ ಹೊತ್ತಿಗೆ ಅವರ ಹತ್ತಿರ ಹೋದೆ. "ಸಾರ್, ಆ ಸಾಲು ನನ್ನದು. ಅವಳು ಬೇರೆ ಪದ ಹೇಳಿದ್ದಳು. ಇಂಗ್ಲಿಷಿನಲ್ಲಿ ಹಾಗೆ ಹೇಳಿದ್ದು ನಾನು."

ಅವರು ಬಿಸ್ಕತ್ತು ಅದ್ದುತ್ತಾ ನನ್ನನ್ನು ನೋಡಿದರು. "ನಾಗಮಣಿ ಅಲ್ವಾ? ಹೇಮಾವತಿಯ ಮೇಲೆ ಮಾಡಿದ್ದು ನೀನೇ ತಾನೇ? ಒಳ್ಳೇ ಕೆಲಸ ಅದು. ಅದನ್ನ ಮುಂದುವರಿಸಬೇಕಿತ್ತು ನೀನು."

ಅಷ್ಟೇ. ನಾನು ಖಾಲಿ ಲೋಟ ಇಟ್ಟು ಬಸ್ ಸ್ಟ್ಯಾಂಡಿಗೆ ಬಂದೆ.

ನನ್ನ ನಿವೃತ್ತಿಯ ಹೊತ್ತಿಗೆ ಒಬ್ಬ ಪ್ರಕಾಶಕರು ಆ ಪುಸ್ತಕವನ್ನು ಕನ್ನಡಕ್ಕೆ ಮಾಡಿಕೊಡಿ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಹಾಗಾದರೆ ಬೆಂಗಳೂರಿನ ಒಬ್ಬರಿಗೆ ಕೊಡುತ್ತೇವೆ ಎಂದರು. ನಮ್ಮ ಓಣಿಯ ಹೆಂಗಸರೆಲ್ಲ ಯಾರದೋ ಪುಸ್ತಕದ ಕನ್ನಡ ಮಾತಾಡುವುದನ್ನು ನೆನೆಸಿಕೊಂಡೆ. ಸಂಜೆ ನಾನೇ ಫೋನ್ ಮಾಡಿ ಒಪ್ಪಿಕೊಂಡೆ.

ಕೆಲಸ ಸರಾಗವಾಗಿ ಸಾಗಿತು, ಆ ಅಧ್ಯಾಯದವರೆಗೆ. ಅಲ್ಲಿ ಕೂತುಬಿಟ್ಟೆ. ಅಕ್ಕ ಹೇಳಿದ 'ನೆಪ' ಹಾಕಬೇಕೋ, ನಾನು ಕಟ್ಟಿದ ಬಸ್ ಟಿಕೆಟ್ ಹಾಕಬೇಕೋ? ಅಕ್ಕನ ಹತ್ತಿರ ಹೋಗಿ ಎರಡನ್ನೂ ಓದಿ ಹೇಳಿದೆ. ಅವಳ ಮಂಡಿ ಸೋತು ಆಗಲೇ ಮಿಷನ್ ಬಿಟ್ಟಿದ್ದಳು. ಗೋಡೆಗೆ ಒರಗಿ ಕೇಳಿಸಿಕೊಂಡಳು.

"ಬಸ್ ಟಿಕೆಟ್ಟೇ ಇರ್ಲಿ. ಚೆನ್ನಾಗೈತೆ," ಎಂದಳು. "ನಾನೇ ಹಂಗಂದೆ ಅಂತ ಹಾಕು."

"ನೀನು ಹಾಗೆ ಹೇಳಲಿಲ್ಲ ಅಕ್ಕ. ನಾನು ಹೇಳಿದ್ದು."

"ಬದುಕು ಯಾರ್ದು? ನಂದು ತಾನೆ? ಹಾಕು ಹಾಕು."

ನನ್ನ ಹೊಟ್ಟೆಕಿಚ್ಚು ಮೊದಲು ರೂತ್ ಒಬ್ಬಳ ಮೇಲಿತ್ತು. ಅಂದು ಅಕ್ಕನ ಮೇಲೂ ಶುರುವಾಯಿತು. ಆದರೂ ಹಾಕಿದೆ, ಅಕ್ಕನ ಬಾಯಲ್ಲೇ.

ಕನ್ನಡ ಪುಸ್ತಕ ಅಚ್ಚಾಗುವ ಸುಮಾರಿಗೆ ರೂತ್ ಕೊನೆಯ ಸಲ ಬಂದರು. ಅವರಿಗೂ ನಿವೃತ್ತಿಯಾಗಿತ್ತು, ಕೋಲು ಹಿಡಿದಿದ್ದರು. ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಎಂದಿನಂತೆ ಇಬ್ಬರ ನಡುವೆ ಕೂರಲು ಜಾಗ ನೋಡುತ್ತಿದ್ದೆ. ಅಷ್ಟರಲ್ಲಿ ರೂತ್, "ಹನುಮಕ್ಕ, ಮಂಡಿ ಹೆಂಗೈತೆ?" ಎಂದರು. ಅಕ್ಕ, "ಇರ್ಲಿ ಬಿಡು, ನಿಂದೆಂಗೈತೆ?" ಎಂದಳು.  ಎಷ್ಟೋ ವರ್ಷದಿಂದ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರಂತೆ. ಅಕ್ಕ ಕಲಿಸಿದ್ದು ನಮ್ಮ ಮಡಕಶಿರದ ಕನ್ನಡ. ನನಗೆ ಒಬ್ಬರೂ ಹೇಳಿರಲಿಲ್ಲ.

ನಾನು ಟೀ ಕಾಯಿಸಲು ಒಳಗೆ ಹೋದೆ. ಅವರು ನಗುವುದು ಕೇಳುತ್ತಿತ್ತು. ಟೀ ತಂದಿಟ್ಟು, "ಏನು ನಗ್ತಿದ್ರಿ?" ಎಂದೆ.

"ಏನಿಲ್ಲ ಬಿಡು," ಎಂದ ಅಕ್ಕ, ರೂತ್ ಕಡೆ ತಿರುಗಿ, "ನಮ್ ನಾಗುಗೆ ನಿನ್ ಮೇಲೆ ಹೊಟ್ಟೆಕಿಚ್ಚು. ಮೊದ್ಲಿಂದ್ಲೂ" ಎಂದಳು.

ರೂತ್‌ಗೆ ಆ ಪದ ಬರುತ್ತಿರಲಿಲ್ಲ. ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದರು. ನಾನು ತಟ್ಟೆಯನ್ನು ಕೆಳಗಿಟ್ಟು, ಅಕ್ಕ ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಪದ ಬಿಡಲಿಲ್ಲ.

ರೂತ್ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಹೇಳಿದರು: "ನನಗೆ ಗೊತ್ತಿತ್ತು, ನಾಗಮಣಿ. ಅದಕ್ಕೇ ನಿಮ್ಮನ್ನು ಬಿಟ್ಟು ಬೇರೆಯವರನ್ನು ಇಟ್ಟುಕೊಳ್ಳಲಿಲ್ಲ. ನನ್ನನ್ನು ಇಷ್ಟಪಡುವವರಾಗಿದ್ದರೆ ನನಗೆ ಬೇಜಾರಾಗಬಾರದೆಂದು ಮಾತನ್ನು ಮೆತ್ತಗೆ ಮಾಡಿ ಹೇಳುತ್ತಿದ್ದರು. ಶಾರದಮ್ಮ ಬೈದದ್ದನ್ನು ನೀವು ಪೂರ್ತಿ ಬೈದು ಹೇಳಿದಿರಿ."

ಅವರು ನಗಲಿಲ್ಲ, ನಾನೂ ನಗಲಿಲ್ಲ. ಆ ಮಾತು ಹೊಗಳಿಕೆಯೋ ಅಲ್ಲವೋ ಈಗಲೂ ನನಗೆ ಗೊತ್ತಾಗಿಲ್ಲ. ನಾನು ಕೇಳಿದೆ: "ನಿಮ್ಮ ಪುಸ್ತಕದಲ್ಲಿ ರಾಯದುರ್ಗಕ್ಕೆ ಬಂದವರಿದ್ದಾರೆ. ಇಲ್ಲಿಂದ ವಾಪಸು ಹಳ್ಳಿಗೆ ಹೋದವರು ಯಾಕಿಲ್ಲ?" ಕೆಲವು ವರ್ಷದಿಂದ ಎಷ್ಟೋ ಹೆಂಗಸರು ಮಡಕಶಿರದ ಕಡೆಗೆ ಮರಳಿದ್ದರು. ಹಿಂದೂಪುರದ ಕಡೆಯ ದೊಡ್ಡ ಗಾರ್ಮೆಂಟ್ ಫ್ಯಾಕ್ಟರಿಗಳ ಬಸ್ಸು ಈಗ ಹಳ್ಳಿಯ ಬಾಗಿಲಿಗೇ ಬರುತ್ತದೆ. ಅದು ಹೇಗಿದೆ, ಮೊದಲಿನ ಕೆಲಸಕ್ಕಿಂತ ಮೇಲೋ ಕೀಳೋ, ಯಾರೂ ಕೇಳಿರಲಿಲ್ಲ.

"ಅದು ನನಗೆ ಕಾಣಲಿಲ್ಲ," ಎಂದರು ರೂತ್. "ನನಗೆ ಇನ್ನು ಓಡಾಡುವ ಶಕ್ತಿಯೂ ಇಲ್ಲ." ಅಕ್ಕ ನನ್ನನ್ನೇ ನೋಡುತ್ತಿದ್ದಳು.

ಅವರು ಹೋದ ತಿಂಗಳಿಗೆ ನಾನು ಹೊರಟೆ. ಫೋನಿನಲ್ಲೇ ರೆಕಾರ್ಡ್ ಮಾಡಬಹುದಾದ್ದರಿಂದ ಈಗ ಟೇಪು ಹೊರುವ ಕೆಲಸವಿಲ್ಲ. ಪಿಂಚಣಿ ತೆಗೆದುಕೊಳ್ಳುವ ಹೆಂಗಸಿಗೆ ಯಾವ ಗೈಡಿನ ಒಪ್ಪಿಗೆಯೂ ಬೇಕಿಲ್ಲ. ಮಡಕಶಿರದಲ್ಲಿ ಇಳಿದು ಆಟೋ ಹಿಡಿದು, ಗೌರಮ್ಮ ಎನ್ನುವವರ ಮನೆ ಹುಡುಕಿಕೊಂಡು ಹೋದೆ. ಹಿಂದೆ ನಮ್ಮ ಓಣಿಯಲ್ಲಿ ಜಿಪ್ಪು ಹಚ್ಚುತ್ತಿದ್ದವರು, ಈಗ ಫ್ಯಾಕ್ಟರಿ ಬಸ್ಸು ಹತ್ತುವವರು. ಅಂದು ಅವರಿಗೆ ರಜ. ಬಾಗಿಲಲ್ಲೇ ನಿಂತು ಬಂದ ವಿಷಯ ಹೇಳಿದೆ.

ಗೌರಮ್ಮ ನನ್ನ ಹಿಂದೆ ದಾರಿಯ ಕಡೆ ಇಣುಕಿ ನೋಡಿದರು.

"ರೂತಮ್ಮ ಬರ್ಲಿಲ್ವಾ ಮೇಡಂ? ಅವ್ರು ಬಂದಿದ್ರೆ ಎಲ್ಲಾ ಹೇಳ್ತಿದ್ದೆ."

ಚಪ್ಪಲಿ ಬಿಟ್ಟು ಹೊಸಿಲು ದಾಟಿದೆ.

"ಇಲ್ಲ ಗೌರಮ್ಮ. ಅವರು ಬರಲ್ಲ. ನಾನೇ ಬಂದಿದೀನಿ."